ಕಿವಿಯಲ್ಲಿ ಹೇಳುವ ಬೆಲೆ

ಇರ್ಮಾ ಸಾಬೊ ಕೆಟ್ಟ ಹೆಂಗಸು ಎಂದು ಯಾರೂ ಹೇಳಬಾರದು. ಹಾಗೆಂದು, ಅಯ್ಯೋ ಪಾಪ, ಅವಳದೇನೂ ತಪ್ಪಿಲ್ಲ ಎಂದು ಅವಸರಪಟ್ಟು ಹೇಳುವುದೂ ಬೇಡ. ಟೊಲೀಡೊದ ಹಂಗೇರಿಯನ್ನರ ಕೇರಿಯಲ್ಲಿ ಹುಟ್ಟಿ ಬೆಳೆದವಳು. ಅರವತ್ತೊಂದು ವರ್ಷ, ಗಟ್ಟಿ ಗಂಟಲು. ಹತ್ತೊಂಬತ್ತನೇ ವಯಸ್ಸಿಗೆ ಓರ್ಬಾನ್ ಎಂಬ ಯಜಮಾನನ ಕಾರು ಮಾರಾಟದ ಅಂಗಡಿಯಲ್ಲಿ ಬಿಡಿಭಾಗಗಳ ಕೌಂಟರಿಗೆ ಸೇರಿದಳು. ಗಂಡಸರೇ ತುಂಬಿದ ಜಾಗ. "ಏನಮ್ಮಾ, ಒಳಗೆ ಯಾರಾದ್ರೂ ಗಂಡಸ್ರಿದಾರಾ?" ಎಂದು ಕೇಳಿದವರಿಗೆಲ್ಲ ಅವರಿಗೆ ಬೇಕಾದ ಸಾಮಾನಿನ ಏಳಂಕಿಯ ನಂಬರನ್ನು ಪುಸ್ತಕ ತೆರೆಯದೆ ಹೇಳಿ ಬಾಯಿ ಮುಚ್ಚಿಸುತ್ತಿದ್ದಳು. ಇಪ್ಪತ್ತೇಳು ವರ್ಷ ಅದೇ ಕೌಂಟರು. ಬೇರೆ ಕೆಲಸ ಕಲಿಯಲಿಲ್ಲ, ಕಲಿಯಬೇಕೆಂದು ಅನ್ನಿಸಲೂ ಇಲ್ಲ.

ಒಂದು ಮೇ ತಿಂಗಳಲ್ಲಿ ಓರ್ಬಾನನಿಗೆ ಕಾರು ಕಂಪನಿಯಿಂದ ಕಾಗದ ಬಂತು. ಇನ್ನು ಮುಂದೆ ನೀವು ನಮ್ಮ ಡೀಲರ್ ಅಲ್ಲ, ಎರಡೇ ಪ್ಯಾರಾ. ಕಾರುಗಳನ್ನೆಲ್ಲ ಲಾರಿಯಲ್ಲಿ ಹೇರಿಕೊಂಡು ಹೋದ ಮೇಲೂ ಆ ಮನುಷ್ಯ ಟೈ ಕಟ್ಟಿಕೊಂಡು ಬೆಳಿಗ್ಗೆ ಎಂಟಕ್ಕೆ ಬರುತ್ತಿದ್ದ. ಖಾಲಿ ಅಂಗಡಿಯ ಗಾಜು ಒರೆಸುತ್ತಿದ್ದ. ಮಧ್ಯಾಹ್ನ ಕೋಸೆಲೆಯ ಸುರುಳಿ ತುಂಬಿದ ಊಟದ ಡಬ್ಬಿ ಬಿಚ್ಚಿ, ಒಂದು ತುತ್ತೂ ತಿನ್ನದೆ ಮತ್ತೆ ಮುಚ್ಚುತ್ತಿದ್ದ. ಇದನ್ನು ಇರ್ಮಾ ಐದು ತಿಂಗಳು ಕಣ್ಣಾರೆ ಕಂಡಳು. ಆರನೇ ತಿಂಗಳು ಅವನ ಅಂತ್ಯಕ್ರಿಯೆಗೆ ಹೋಗಿ ಬಂದಳು. ಒಪ್ಪಂದ ಕೈತಪ್ಪಿದವನ ಗತಿ ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಓರ್ಬಾನನ ಕಪಾಟುಗಳಲ್ಲಿ ಉಳಿದಿದ್ದ ಹಳೇ ಸಾಮಾನನ್ನೆಲ್ಲ ಕೊಂಡು ಹೆದ್ದಾರಿ ಪಕ್ಕದಲ್ಲಿ ತನ್ನದೇ ಅಂಗಡಿ ಇಟ್ಟಳು. ಅರವತ್ತು ಎಪ್ಪತ್ತರ ದಶಕದ ಕಾರುಗಳು, ಎರಡೇ ಬಾಗಿಲು, ಮುಂದೆ ಲಾರಿಗಾಗುವಷ್ಟು ದೊಡ್ಡ ಇಂಜಿನ್ನು; ಅಂಥವನ್ನು ಕೊಟ್ಟಿಗೆಯಿಂದ ಎಳೆದು ತಂದು ಜೀವ ತುಂಬುವ ಹುಚ್ಚರು ಅವಳ ಗಿರಾಕಿಗಳು. ನಮ್ಮ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರಲ್ಲ, ಆ ಉಪ್ಪು ಕಾರಿನ ಪಕ್ಕೆಗಳನ್ನು ತಿಂದುಹಾಕಿರುತ್ತದೆ. ಬಾಗಿಲಿನಿಂದ ಹಿಂದಿನ ದೀಪದವರೆಗಿನ ಆ ದೊಡ್ಡ ತಗಡು, ಅಂದರೆ ಹಿಂಬದಿ ಪ್ಯಾನೆಲ್ಲು, ಹಳೆಯದು ಈಗ ಎಲ್ಲೂ ಸಿಗದು. ಹಳೇ ಅಚ್ಚಿನಲ್ಲೇ ಹೊಸದಾಗಿ ಒತ್ತಿ ಮಾರುವುದು ಫೋರ್ಟ್ ವೇನ್‌ನಲ್ಲಿರುವ ಒಂದೇ ಕಂಪನಿ. ಅದು ತನ್ನ ಜೊತೆ ಒಪ್ಪಂದ ಇರುವ ಡೀಲರುಗಳ ಕೈಗಲ್ಲದೆ ಬೇರೆ ಯಾರಿಗೂ ಮಾಲು ಕೊಡುವುದಿಲ್ಲ. ಇರ್ಮಾಳ ಅಂಗಡಿಯ ಹತ್ತು ಮಾರಾಟದಲ್ಲಿ ಎಂಟು ಆ ಕಂಪನಿಯ ತಗಡು. ಒಪ್ಪಂದ ಹೋದರೆ ಅಂಗಡಿಗೆ ಬೀಗವೇ.

ಆ ಒಪ್ಪಂದದ ಹನ್ನೊಂದನೇ ಷರತ್ತು ಡೀಲರುಗಳಿಗೆಲ್ಲ ಬಾಯಿಪಾಠ. ಜನವರಿಯಲ್ಲಿ ಕಂಪನಿ ಕಳಿಸುವ ಬೆಲೆಪಟ್ಟಿಗಿಂತ ಒಂದು ಡಾಲರ್ ಕಡಿಮೆಯನ್ನೂ ಎಲ್ಲೂ ಬರೆದು ತೋರಿಸಕೂಡದು. ಮೂರು ಸಲ ಸಿಕ್ಕಿಬಿದ್ದರೆ ಮೂವತ್ತು ದಿನದ ನೋಟಿಸು, ಅಲ್ಲಿಗೆ ಮುಗಿಯಿತು. ಆದರೆ ಬಾಯಲ್ಲಿ ಹೇಳಿದ್ದನ್ನು ಯಾರು ಹಿಡಿಯುತ್ತಾರೆ? ಭಾನುವಾರಗಳಂದು ಬಯಲಿನಲ್ಲಿ ಬಿಡಿಭಾಗಗಳ ಸಂತೆ ನೆರೆಯುತ್ತದೆ. ಮಧ್ಯಾಹ್ನ ಮೂರು ದಾಟಿದ ಮೇಲೆ ಆ ತೂಕದ ತಗಡನ್ನು ಮತ್ತೆ ಮನೆಗೆ ಹೊತ್ತೊಯ್ಯಲು ಯಾವ ಡೀಲರಿಗೂ ಮನಸ್ಸಿರುವುದಿಲ್ಲ. ಆಗ ಗಿರಾಕಿ ಕಿವಿ ಹತ್ತಿರ ತರುತ್ತಾನೆ, ಡೀಲರ್ ಅದರೊಳಗೆ ನಿಜವಾದ ಬೆಲೆ ಹೇಳುತ್ತಾನೆ. ಅದಕ್ಕೆ ಕಿವಿಬೆಲೆ ಎಂದೇ ಹೆಸರು. ಕಂಪನಿಗೂ ಗೊತ್ತು. ಬರೆಯದಿದ್ದರೆ ಸರಿ.

ಎಮೆಟ್ ಡೌಡ್‌ನಿಗೆ ಮಾತ್ರ ಕಿವಿಬೆಲೆ ದಕ್ಕುತ್ತಿರಲಿಲ್ಲ, ಅವನಿಗೆ ಕಿವಿಯೇ ಕೇಳುತ್ತಿರಲಿಲ್ಲ. ಎಪ್ಪತ್ತೈದರ ಮುದುಕ. ತಗಡು ಒತ್ತುವ ಯಂತ್ರಗಳ ನಡುವೆ ಮೂವತ್ತು ವರ್ಷ ದುಡಿದು ಎರಡೂ ಕಿವಿ ಕಳೆದುಕೊಂಡವನು. ಕಿವಿಗೆ ಹಾಕುವ ಯಂತ್ರ ಉಪಯೋಗಕ್ಕೆ ಬರಲಿಲ್ಲ, ತುಟಿ ನೋಡಿ ಮಾತು ಹಿಡಿಯುವುದು ಅಭ್ಯಾಸವಾಗಲಿಲ್ಲ, ಫೋನಿನ ಸಣ್ಣ ಅಕ್ಷರ ಕಣ್ಣಿಗೆ ಕಾಣುತ್ತಿರಲಿಲ್ಲ. ಅವನ ಗ್ಯಾರೇಜಿನಲ್ಲಿ ಅರವತ್ತೊಂಬತ್ತರ ಒಂದು ಪಾಂಟಿಯಾಕ್ ಕಾರು ನಿಂತಿತ್ತು. ಅದರ ಪಕ್ಕೆಗಳನ್ನು ಅವನೇ, ಆಗಿನ್ನೂ ಇಪ್ಪತ್ತು ತುಂಬದ ಎಮೆಟ್ಟೇ ಒತ್ತಿದ್ದು ಎಂದು ಅವನು ಆಣೆ ಹಾಕಿ ಹೇಳುತ್ತಿದ್ದ. ಇರಬಹುದು, ಇಲ್ಲದಿರಬಹುದು. ಸಾಯುವುದರೊಳಗೆ ಅದನ್ನೊಮ್ಮೆ ಊರ ಸುತ್ತ ಓಡಿಸಬೇಕು ಎಂಬುದೊಂದೇ ಅವನ ಹಟ.

ಅವನು ಬಂದಾಗಲೆಲ್ಲ ಇರ್ಮಾ ಯಾವುದಾದರೂ ಡಬ್ಬಿಯ ರಟ್ಟು ಹರಿದು ದಪ್ಪ ಮಾರ್ಕರಿನಲ್ಲಿ ಬರೆಯುತ್ತಿದ್ದಳು. ಬೆಲೆ ಮಾತ್ರವಲ್ಲ. 'ಕಾಫಿ ಬೇಕಾ?' 'ಸ್ವೆಟರ್ ತಿರುವುಮುರುವು ಹಾಕಿದ್ದೀಯ.' 'ಕ್ಷೌರ ಮಾಡಿಸಿಕೋ, ನೋಡೋಕಾಗ್ತಿಲ್ಲ.' ತನಗೇ ಕೇಳದ ಗಂಟಲಲ್ಲಿ ಅವನು ಅಂಗಡಿ ಅದುರುವಂತೆ ನಗುತ್ತಿದ್ದ. ಹೋಗುವಾಗ ರಟ್ಟನ್ನು ಮಡಚಿ ಕಂಕುಳಲ್ಲಿಟ್ಟುಕೊಳ್ಳುತ್ತಿದ್ದ. ಹನ್ನೊಂದು ವರ್ಷದ ರಟ್ಟುಗಳನ್ನು ಗ್ಯಾರೇಜಿನ ಗೋಡೆಗೆ ಸಾಲಾಗಿ ಮೊಳೆ ಹೊಡೆದು ಇಟ್ಟಿದ್ದ. "ಇಡೀ ಊರಲ್ಲಿ ನನ್ ಜೊತೆ ಮಾತಾಡೋಳು ನೀನೊಬ್ಳೇ ಕಣಮ್ಮಾ" ಎಂದು ಒಂದು ಸಲ ಕೂಗಿ ಹೇಳಿದ್ದ. ಕೌಂಟರಿನಲ್ಲಿ ನಿಂತಿದ್ದ ಬೇರೆ ಗಿರಾಕಿಗಳು ಮುಖ ತಿರುಗಿಸಿಕೊಂಡಿದ್ದರು.

ಸೆಪ್ಟೆಂಬರಿನ ಆ ಭಾನುವಾರ ಸಂತೆಯಲ್ಲಿ ಅವನು ಬಲಗಡೆಯ ಪ್ಯಾನೆಲ್ಲಿನ ಮುಂದೆ ನಿಂತ. ಪಟ್ಟಿಯ ಬೆಲೆ ಆರುನೂರ ನಲವತ್ತು ಡಾಲರ್. ಇರ್ಮಾಳ ಹೆಸರಿನ ಮೇಲೆ ಆಗಲೇ ಎರಡು ತಪ್ಪು ಬಿದ್ದಿದ್ದವು. ಒಂದು ಸಲ ಅಂಗಡಿಯ ವೆಬ್‌ಸೈಟಿನಲ್ಲಿ ಹಿಂದಿನ ವರ್ಷದ ಬೆಲೆ ಉಳಿದುಹೋಗಿತ್ತು, ಇನ್ನೊಂದು ಸಲ ಕರಪತ್ರದಲ್ಲಿ ಅಚ್ಚಿನ ತಪ್ಪು. ಬರೆಯಬಾರದೆಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಸಂಜೆಯಾಗುತ್ತಿತ್ತು, ಮುದುಕ ಆ ತಗಡನ್ನು ಎಮ್ಮೆ ಮೈ ಸವರಿದಂತೆ ಸವರುತ್ತಿದ್ದ. ಅವಳು ಬಾಳೆಹಣ್ಣಿನ ಡಬ್ಬಿಯ ಮುಚ್ಚಳ ಹರಿದು 475 ಎಂದು ಬರೆದಳು. ಏಳರ ಹೊಟ್ಟೆಗೆ ಅಡ್ಡಗೆರೆ ಸಮೇತ. ಅದು ಹಂಗೇರಿಯಿಂದ ಬಂದ ಅಜ್ಜಿ ಕಲಿಸಿದ ಏಳು.

ಎಮೆಟ್ ಒಂದು ತೋಳಿನಲ್ಲಿ ಪ್ಯಾನೆಲ್ಲು ತಬ್ಬಿಕೊಂಡು, ಬೆಲೆ ಕಾಣುವಂತೆ ಎದೆಗೆ ರಟ್ಟು ಒತ್ತಿಕೊಂಡು ಬಾಯ್ತುಂಬ ನಕ್ಕ. ಹಳೇ ಕಾರುಗಳ ಕ್ಲಬ್ಬಿನವನೊಬ್ಬ ಪಟ ತೆಗೆದ. ಸಂಜೆಗೆ ಅದು ಕ್ಲಬ್ಬಿನ ಪುಟದಲ್ಲಿ ಬಂತು. ಕೆಳಗೆ ಎಮೆಟ್ಟೇ ಬರೆಸಿದ್ದ ಸಾಲು: 'ಇರ್ಮಾಳಂಥ ಡೀಲರ್ ಇನ್ನೊಬ್ಬರಿಲ್ಲ.' ಮಾರನೆಯ ದಿನ ಅದನ್ನು ಇನ್ನೊಬ್ಬ ಡೀಲರ್ ಕಂಪನಿಗೆ ಕಳಿಸಿದ. ಬುಧವಾರ ನೋಟಿಸು ಬಂತು, ಎರಡೇ ಪ್ಯಾರಾ.

ಇರ್ಮಾಳ ಗಂಡ ಬೇಲಾ ಶಾಲೆಯ ಬಸ್ಸು ಓಡಿಸುತ್ತಿದ್ದ ಸಮಾಧಾನದ ಮನುಷ್ಯ. ಅವನು ಮನೆಗೆ ಬಂದಾಗ ಅವಳು ಅಡಿಗೆಮನೆಯಲ್ಲಿ ಕೋಟು ಬಿಚ್ಚದೆ ಕೂತಿದ್ದಳು.

"ಹೋಗ್ಲಿ ಬಿಡೇ," ಎಂದ ಬೇಲಾ. "ತಗಡು ಮಾರೋದು ಬಿಟ್ರೆ ಆಕಾಶ ಕಳಚಿ ಬೀಳುತ್ತಾ? ನಾನು ದುಡೀತಿದೀನಲ್ಲ."

"ನಾನೇನು ಮಾಡ್ಲಿ ಆಮೇಲೆ? ಗಾಜು ಒರೆಸ್ಲಾ?"

"ಯಾವ ಗಾಜು?"

"ಓರ್ಬಾನ್ ಒರೆಸ್ತಿದ್ನಲ್ಲ, ಆ ಗಾಜು!" ಎಂದು ಅವಳು ಕಿರುಚಿ ಅತ್ತುಬಿಟ್ಟಳು. ಮದುವೆಯಾಗಿ ಮೂವತ್ತೆಂಟು ವರ್ಷದಲ್ಲಿ ಬೇಲಾ ಅವಳು ಹಾಗೆ ಅತ್ತದ್ದನ್ನು ನೋಡಿರಲಿಲ್ಲ. ಎದ್ದು ಒಲೆ ಹಚ್ಚಿದ.

ಶುಕ್ರವಾರ ಅವಳು ಎರಡು ಗಂಟೆ ಕಾರೋಡಿಸಿ ಫೋರ್ಟ್ ವೇನ್‌ಗೆ ಹೋದಳು. ಡೀಲರುಗಳನ್ನು ನೋಡಿಕೊಳ್ಳುವ ಕರ್ಟಿಸ್ ವೇಲ್ ಎಂಬ ನಲವತ್ತರ ಅಧಿಕಾರಿ ಅವಳಿಗೆ ಕುರ್ಚಿ ಎಳೆದುಕೊಟ್ಟ, ಕಾಫಿ ತಂದುಕೊಟ್ಟ. ಅವನು ದುಷ್ಟನಾಗಿದ್ದರೆ ಎಷ್ಟೋ ಚೆನ್ನಾಗಿತ್ತು.

"ಇರ್ಮಾ ಅವ್ರೇ, ನಂಗೂ ಬೇಜಾರು. ಆದ್ರೆ ಒಬ್ರಿಗೆ ಬಿಟ್ರೆ ಎಲ್ರಿಗೂ ಬಿಡ್ಬೇಕಾಗುತ್ತೆ."

"ಅವ್ನಿಗೆ ಕಿವಿ ಕೇಳಲ್ಲ ಕಣಪ್ಪಾ. ಎಲ್ರಿಗೂ ಕಿವಿಯಲ್ಲಿ ಹೇಳ್ತಾರೆ. ನಿಂಗೂ ಗೊತ್ತು, ನಿಮ್ ಯಜಮಾನ್ರಿಗೂ ಗೊತ್ತು. ಅವ್ನಿಗೆ ಹೇಗೆ ಹೇಳ್ಲಿ?"

"ಅದೆಲ್ಲ ಷರತ್ತಿನಲ್ಲಿ ಇಲ್ವಲ್ಲ."

"ನಿನ್ ಕಾಲಿಗೆ ಬೀಳ್ಬೇಕಾ? ಬೀಳ್ತೀನಿ, ಹೇಳು."

ಕರ್ಟಿಸ್ ಎದ್ದು ಬಾಗಿಲು ಹಾಕಿ ಬಂದ. ಪಟವನ್ನು ಅವಳ ಮುಂದಿಟ್ಟ. ಎಮೆಟ್‌ನ ಹೆಬ್ಬೆರಳು ಏಳರ ಅಡ್ಡಗೆರೆಯನ್ನು ಮುಚ್ಚಿ ಕೂತಿತ್ತು. "ನೋಡಿ, ಇದನ್ನ ಯಾರು ಬರೆದ್ರು ಅಂತ ಪಟದಲ್ಲಿ ಗೊತ್ತಾಗಲ್ಲ. ಗಿರಾಕಿ ತಾನೇ ಬರ್ಕೊಂಡು ಪಟ ತೆಗೆಸ್ಕೊಂಡ ಅಂತಾದ್ರೆ ಅದು ನಿಮ್ಮ ತಪ್ಪಲ್ಲ. ನೀವು ಹಾಗಂತ ಒಂದು ಫಾರಂ ಕೊಡಿ. ಅವ್ರಿಗೂ ಒಂದು ಫಾರಂ ಹೋಗುತ್ತೆ. ಅದು ಕೈಸೇರಿದ ಹತ್ತು ದಿನದಲ್ಲಿ ಅವ್ರು ಒಪ್ಕೊಂಡು ಸಹಿ ಹಾಕಿದ್ರೆ ಫೈಲು ಮುಚ್ತೀವಿ."

"ಅವ್ನಿಗೇನಾಗುತ್ತೆ?"

"ಏನಿಲ್ಲ. ಮಾರಬಾರದವ್ರ ಪಟ್ಟಿಗೆ ಹೆಸರು ಸೇರುತ್ತೆ. ಯಾವ ಡೀಲರೂ ನಮ್ಮ ಮಾಲು ಅವ್ರಿಗೆ ಕೊಡೋ ಹಾಗಿಲ್ಲ ಅಷ್ಟೇ."

ಅಷ್ಟೇ ಅಂತೆ! ಎಮೆಟ್‌ನ ಕಾರಿಗೆ ಎಡಗಡೆಯ ಪ್ಯಾನೆಲ್ಲು ಇನ್ನೂ ಬರಬೇಕಿತ್ತು. ಇರ್ಮಾಳ ಅಂಗಡಿಯಲ್ಲೇ ಆರ್ಡರ್ ಕೊಟ್ಟಿದ್ದ. ಅವಳು ಕಾಫಿಯ ಲೋಟ ಪಕ್ಕಕ್ಕಿಟ್ಟು ಫಾರಮ್ಮನ್ನು ಎಳೆದುಕೊಂಡಳು. ಕಣ್ಣೆದುರಿಗೆ ಎಮೆಟ್ ಬರಲಿಲ್ಲ. ಬಂದದ್ದು ಟೈ ಕಟ್ಟಿಕೊಂಡ ಓರ್ಬಾನ್, ಮುಚ್ಚಿದ ಊಟದ ಡಬ್ಬಿ. ಅವಳು ಸಹಿ ಹಾಕಿದಳು. ಪಕ್ಕದಲ್ಲಿ ತಾರೀಖು ಬರೆಯಬೇಕಿತ್ತು, ಆವತ್ತು ಇಪ್ಪತ್ತೇಳು. ಜೀವಮಾನದಲ್ಲಿ ಮೊದಲ ಸಲ ಅವಳು ಏಳಕ್ಕೆ ಅಡ್ಡಗೆರೆ ಎಳೆಯಲಿಲ್ಲ.

ಮರಳಿ ಬರುವಾಗ ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು: ಎಮೆಟ್‌ನನ್ನು ಕೂರಿಸಿಕೊಂಡು ಎಲ್ಲ ಬರೆದು ಹೇಳುತ್ತೇನೆ, ಅವನಿಗೆ ಅರ್ಥವಾಗುತ್ತದೆ. ಶನಿವಾರ ಹೋಗಲಿಲ್ಲ, ಭಾನುವಾರವೂ ಹೋಗಲಿಲ್ಲ. ಧೈರ್ಯ ಸಾಲಲಿಲ್ಲ. ಬುಧವಾರ ಎಮೆಟ್ಟೇ ಬಂದ, ಕೈಯಲ್ಲಿ ಕಂಪನಿಯ ಲಕೋಟೆ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ತಮಾಷೆಯಿತ್ತು.

"ಇರ್ಮಾ! ನೋಡಿಲ್ಲಿ, ಯಾರೋ ತಲೆಕೆಟ್ಟವ್ರು! ಸಂತೇಲಿ ಬೆಲೆ ನಾನೇ ಬರ್ದೆ ಅಂತೆ! ಒಪ್ಕೊಂಡು ಸಹಿ ಹಾಕ್ಬೇಕಂತೆ, ಆಮೇಲೆ ನಂಗೆ ಯಾರೂ ಏನೂ ಮಾರಬಾರ್ದಂತೆ! ನೀನು ಬರ್ದಿದ್ದು ಅಂತ ಒಂದು ಫೋನ್ ಮಾಡಿ ಹೇಳ್ಬಿಡು ಅವ್ರಿಗೆ. ಎಡಗಡೇದು ಬಂತಾ?"

"ನಾನೇ ಸುಳ್ಳು ಹೇಳಿದ್ದು ಎಮೆಟ್," ಎಂದಳು ಇರ್ಮಾ. ಬಾಯಿಂದ ಬಂದೇಬಿಟ್ಟಿತು. ಹೇಳಿದೆನಲ್ಲ ಎಂದು ಒಂದು ಗಳಿಗೆ ಎದೆ ಹಗುರವೂ ಆಯಿತು. ಅವನು ನಗುತ್ತಲೇ ಕಿವಿ ಮುಟ್ಟಿ ತೋರಿಸಿ, ಮಾರ್ಕರನ್ನು ಅವಳ ಕಡೆ ತಳ್ಳಿದ.

ಅವಳು ಫಿಲ್ಟರ್ ಡಬ್ಬಿಯ ಮುಚ್ಚಳ ಹರಿದಳು, ಅದು ಸೊಟ್ಟಗೆ ಹರಿಯಿತು. ಬರೆದಳು: 'ನೀನು ಬರೆದೆ ಅಂತ ಅವರಿಗೆ ಹೇಳಿದ್ದು ನಾನು.' ಅಲ್ಲಿಗೆ ನಿಲ್ಲಿಸಿದ್ದರೆ ಅವಳಿಗೊಂದಿಷ್ಟು ಮರ್ಯಾದೆಯಾದರೂ ಉಳಿಯುತ್ತಿತ್ತು. ನಿಲ್ಲಿಸಲಿಲ್ಲ. ಕೆಳಗೆ ಮತ್ತೆ ಬರೆದಳು: 'ನೀನು ಸಹಿ ಹಾಕದಿದ್ದರೆ ನನ್ನ ಅಂಗಡಿ ಹೋಗುತ್ತೆ.'

ಎಮೆಟ್ ಓದಿದ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಇನ್ನೊಂದು ಸಲ ಓದಿದ. ಇರ್ಮಾ ಅವನು ಕೂಗಾಡಲಿ ಎಂದು ಕಾದಳು. ಬೈಯಲಿ, ಕೌಂಟರಿಗೆ ಗುದ್ದಲಿ, ಕಂಪನಿಗೆ ಈಗಲೇ ಎಲ್ಲ ಹೇಳುತ್ತೇನೆ ಅನ್ನಲಿ. ಅವನು ಲಕೋಟೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಹೊರಟ. ರಟ್ಟು ಕೌಂಟರಿನ ಮೇಲೇ ಉಳಿಯಿತು. ಹನ್ನೊಂದು ವರ್ಷದಲ್ಲಿ ಅವನು ಬಿಟ್ಟುಹೋದ ಮೊದಲ ರಟ್ಟು ಅದು.

ಆಮೇಲಿನ ದಿನಗಳನ್ನು ಅವಳು ಹೇಗೆ ಕಳೆದಳೋ ದೇವರೇ ಬಲ್ಲ. ಫೋನು ಹೊಡೆದರೆ ಕರ್ಟಿಸ್ ಇರಬೇಕೆಂದು ಎತ್ತುತ್ತಲೇ ಇರಲಿಲ್ಲ. ಗಿರಾಕಿಗಳಿಗೆ ತಪ್ಪು ನಂಬರು ಹೇಳಿದಳು. ಮುಂಗಡ ಕೊಟ್ಟಿದ್ದವನೊಬ್ಬ, "ನನ್ ಬಾಗಿಲು ಯಾವಾಗ ಬರುತ್ತೆ ಮೇಡಂ?" ಎಂದರೆ ಆರ್ಡರ್ ಪುಸ್ತಕ ತೆರೆದು ಬೇರೆ ಯಾರದೋ ಹೆಸರು ಓದಿದಳು. ಬೇಲಾ ಒಂದು ರಾತ್ರಿ ಊಟಕ್ಕೆ ಕೂತಾಗ, "ಮುದುಕನ ಸಹಿ ನಾನೇ ಗೀಚಿಬಿಡ್ಲೇನೇ?" ಎಂದ. ತಮಾಷೆಗೆ ಅಂದದ್ದು. ಅವಳು ತಮಾಷೆಯೆಂದು ತಿಳಿಯದೆ ಒಂದು ನಿಮಿಷ ಯೋಚಿಸಿದಳು. ಯೋಚಿಸಿದ್ದು ಬೇಲಾನಿಗೆ ಕಂಡಿತು. ಅವನು ತಟ್ಟೆ ಎತ್ತಿಕೊಂಡು ಟಿವಿಯ ಮುಂದೆ ಹೋಗಿ ಕೂತ.

ಒಂಬತ್ತನೇ ದಿನ ಮಧ್ಯಾಹ್ನ ಕಂಪನಿಯ ಲಾರಿ ಬಂತು. ನೋಟಿಸಿನ ಅವಧಿ ಮುಗಿಯುವವರೆಗೆ ಹಳೇ ಆರ್ಡರುಗಳು ಬರುತ್ತಲೇ ಇರುತ್ತವೆ. ಇಳಿಸಿದ ಮಾಲಿನಲ್ಲಿ ಅರವತ್ತೊಂಬತ್ತರ ಪಾಂಟಿಯಾಕಿನ ಎಡಗಡೆಯ ಪ್ಯಾನೆಲ್ಲು ಇತ್ತು, ಎಮೆಟ್‌ನ ಹೆಸರಿನ ಚೀಟಿ ಸಮೇತ. ಇರ್ಮಾ ಅದನ್ನು ವ್ಯಾನಿಗೆ ಹಾಕಿಕೊಂಡು ಅವನ ಮನೆಗೆ ಹೋದಳು. ಸುಮ್ಮನೆ ಕೊಟ್ಟುಬಿಡುತ್ತೇನೆ, ಪಟ್ಟಿಗೆ ಹೆಸರು ಸೇರುವ ಮೊದಲೇ ಅವನ ಕಾರು ಆಗಿಬಿಡಲಿ ಎಂದು ಲೆಕ್ಕ ಹಾಕಿದ್ದಳು. ಹಾಗೆ ಕೊಟ್ಟರೆ ಅವನು ಸಹಿ ಹಾಕಿಯಾನು ಎಂಬ ಲೆಕ್ಕವೂ ಒಳಗೊಳಗೆ ಇತ್ತು. ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಎಮೆಟ್‌ನ ಗ್ಯಾರೇಜಿನ ಗಂಟೆ ಒತ್ತಿದರೆ ಸದ್ದಾಗುವುದಿಲ್ಲ, ಒಳಗೆ ಕಾರಿನ ಮೇಲೆ ತೂಗುಬಿಟ್ಟ ಕೆಂಪು ಬಲ್ಬು ಹತ್ತುತ್ತದೆ. ಅವಳು ಒತ್ತಿದಳು. ಕಿಟಕಿಯ ಗಾಜಿಗೆ ಹಣೆ ಹಚ್ಚಿ ನೋಡಿದಳು. ಬಲಗಡೆಯ ಹೊಸ ತಗಡನ್ನು ಎಮೆಟ್ ಬೆಸೆದು ಮುಗಿಸಿದ್ದ. ಈಗ ಮೊಣಕಾಲೂರಿ ಕೂತು ಅದರ ಬೆಸುಗೆಯನ್ನು ಉಜ್ಜುತ್ತಿದ್ದ. ಬಲ್ಬು ಹತ್ತಿತು. ಅವನು ತಲೆಯೆತ್ತಿ ಬಲ್ಬನ್ನು ನೋಡಿದ. ಕಿಟಕಿಯ ಕಡೆಗೂ ನೋಡಿದ. ಮತ್ತೆ ಬಗ್ಗಿ ಉಜ್ಜಲು ಶುರುಮಾಡಿದ.

"ಎಮೆಟ್! ಎಮೆಟ್!" ಎಂದು ಅವಳು ಗಾಜು ಬಡಿದಳು, ಅವನಿಗೆ ಕೇಳದೆಂದು ಗೊತ್ತಿದ್ದೂ. ಒತ್ತಿದಳು, ಒತ್ತಿದಳು, ಬಲ್ಬು ಹತ್ತಿ ಹತ್ತಿ ಆರಿತು. ಪಕ್ಕದ ಮನೆಯ ಹೆಂಗಸು ಹೊರಗೆ ಬಂದು, "ಏನ್ರೀ ಅದು, ಏನಾದ್ರೂ ಅನಾಹುತ ಆಯ್ತಾ?" ಎಂದು ಕೇಳಿದಾಗ ಬೆರಳು ತೆಗೆದಳು. ಏನಿಲ್ಲ ಎಂದಳು. ಪ್ಯಾನೆಲ್ಲನ್ನು ಇಳಿಸಿ ಬಾಗಿಲಿಗೆ ಒರಗಿಸಿಟ್ಟು ಮನೆಗೆ ಬಂದಳು.

ಹತ್ತನೇ ದಿನ ಬೆಳಿಗ್ಗೆ ಅಂಗಡಿ ತೆರೆಯಲು ಹೋದಾಗ ಆ ಪ್ಯಾನೆಲ್ಲು ಅವಳ ಬಾಗಿಲಿಗೆ ಒರಗಿತ್ತು. ಹೊದಿಸಿದ್ದ ಕಾಗದವನ್ನೂ ಬಿಚ್ಚಿರಲಿಲ್ಲ. ಎಪ್ಪತ್ತೈದರ ಮುದುಕ ಅದನ್ನು ಒಬ್ಬನೇ ಹೇಗೆ ಹೊತ್ತು ತಂದನೋ. ಅದರ ಕೆಳಗೆ ತಂತಿಯಿಂದ ಬಿಗಿದ ರಟ್ಟುಗಳ ದೊಡ್ಡ ಕಟ್ಟು. ಎಲ್ಲದರ ಮೂಲೆಯಲ್ಲೂ ಮೊಳೆಯ ತೂತು. ಮೇಲುಗಡೆಯೇ ಇತ್ತು, 'ಸ್ವೆಟರ್ ತಿರುವುಮುರುವು ಹಾಕಿದ್ದೀಯ.' ಕಟ್ಟಿನ ತಂತಿಗೆ ಕಂಪನಿಯ ಫಾರಮ್ಮನ್ನು ಸಿಕ್ಕಿಸಿದ್ದ. ಬೆಲೆ ಬರೆದದ್ದು ನಾನೇ ಎಂಬ ಸಾಲಿನ ಕೆಳಗೆ ಎಮೆಟ್ ಡೌಡ್ ಎಂದು ನಡುಗುವ, ಆದರೆ ಪೂರ್ತಿಯಾದ ಸಹಿ. ಫಾರಮ್ಮಿನ ಹಿಂದೆ ಅವಳದೇ ಥರದ ದಪ್ಪ ಮಾರ್ಕರಿನಲ್ಲಿ ಬರೆದ ಒಂದು ಸಣ್ಣ ರಟ್ಟು. ಎಮೆಟ್ ಅವಳಿಗೆ ಬರೆದು ಹೇಳಿದ್ದು ಅದೊಂದೇ ಸಲ:

'ಎಡಗಡೆಯದು ಬೇಡ.'

ಇರ್ಮಾ ಬಾಗಿಲಲ್ಲೇ ಕೂತು ಕಟ್ಟಿನ ತಂತಿ ಬಿಚ್ಚತೊಡಗಿದಳು. ಎಂಟೂವರೆಗೆ ಬಂದ ಗಿರಾಕಿಯೊಬ್ಬ, "ಅಂಗಡಿ ತೆಗ್ದಿದೆಯಾ?" ಎಂದು ಕೇಳಿದ. ಹ್ಞೂ, ತೆಗೆದಿದೆ ಎಂದಳು. ಫಾರಮ್ಮು ಆ ದಿನವೇ ಫೋರ್ಟ್ ವೇನ್ ತಲುಪಬೇಕಿತ್ತು, ಅಂಚೆಗೆ ಹಾಕಿದರೆ ಮುಟ್ಟುವುದಿಲ್ಲ. ಹರಿದು ಹಾಕಬಹುದಿತ್ತು. ಅವಳು ಆ ಗಿರಾಕಿಗೆ ಅವನ ಸಾಮಾನು ಕೊಟ್ಟು, ಬಾಗಿಲಿಗೆ ಬೀಗ ಹಾಕಿ, ಎರಡು ಗಂಟೆ ಕಾರೋಡಿಸಿ ಫಾರಮ್ಮನ್ನು ಕರ್ಟಿಸ್‌ನ ಕೈಗೇ ಕೊಟ್ಟು ಬಂದಳು.